ಮೂರು ಸಲ ಕೂಗುತ್ತಿದ್ದವರು

ನಮ್ಮನೆಯವರ ಕುತ್ತಿಗೆಯ ಹಿಂದೆ ಮೂರು ಆಳವಾದ ಗೆರೆಗಳಿದ್ದವು. ಆ ಗೆರೆಗಳೊಳಗೆ ಬಿಳಿ ಧೂಳು ಕೂತಿತ್ತು. ಸುಣ್ಣದಕಲ್ಲಿನ ಖಣಿ ಬಿಟ್ಟು ನಾಲ್ಕು ವರ್ಷವಾಗಿದ್ದರೂ, ನಾನು ಎಷ್ಟು ತಿಕ್ಕಿದರೂ ಅದು ಹೋಗಿರಲಿಲ್ಲ. ಬೆವರು ಬಂದರೆ ಗೆರೆಗಳು ಇನ್ನಷ್ಟು ಬೆಳ್ಳಗೆ ಕಾಣುತ್ತಿದ್ದವು. ವಾಡಿಯ ನಮ್ಮ ಓಣಿಯಲ್ಲಿ ಅವರನ್ನು ಬೆನ್ನು ನೋಡಿಯೇ ಗುರುತು ಹಿಡಿಯುತ್ತಿದ್ದರು.

ನನ್ನ ತವರಿನ ಕಡೆ ಹೊರಡುವ ಹಿಂದಿನ ದಿನವೂ ನನಗೆ ಹೆಚ್ಚು ಕಂಡದ್ದು ಆ ಕುತ್ತಿಗೆಯೇ. ಬೇವಿನ ನೆರಳಲ್ಲಿ, ಜೀಪಿನ ಹಿಂದೆ ಎಳೆಯಲೆಂದು ತಾವೇ ಕಟ್ಟಿದ ಗಾಲಿಮನಿಯ ಕೆಳಗೆ ತೂರಿ, ಅದರ ಸ್ಪ್ರಿಂಗ್ ಪಟ್ಟಿಗಳಿಗೆ ಗ್ರೀಸ್ ಹಚ್ಚುತ್ತಿದ್ದರು. ನಾನು ಕಟ್ಟೆಯ ಮೇಲೆ ಕಡಕ್ ರೊಟ್ಟಿಗಳನ್ನು ಹಳೇ ಸೀರೆಯಲ್ಲಿ ಸುತ್ತುತ್ತಿದ್ದೆ. ಶೇಂಗಾ ಹಿಂಡಿ ಕುಟ್ಟಿ ಡಬ್ಬಿಗೆ ತುಂಬಿಯಾಗಿತ್ತು. ಎದುರುಮನೆಯ ಆಪಾ ಸೊಪ್ಪು ಸೋಸುತ್ತ ಕೂತವಳು ಕೇಳಿದಳು:

"ಏನ್ ಮೇಸ್ತ್ರಿ, ಹೊಸಾ ಮದಿವಿ ಆದವರಂಗ ಹೊಂಟೀರಲ್ಲ?"

"ಮದಿವಿ ಹಳೇದು ಆಪಾ. ಮನಿ ಅಷ್ಟೇ ಹೊಸಾದು," ಎಂದು ಗಾಡಿಯ ಕೆಳಗಿನಿಂದಲೇ ಅಂದರು. ನಗಲು ಹೋಗಿ ಕೆಮ್ಮು ಬಂತು.

ಅವರ ಕೆಮ್ಮಿಗೆ ಒಂದು ರೀತಿ ಇತ್ತು. ಮೊದಲು ಎರಡು ಸಣ್ಣವು, ಆಮೇಲೆ ಒಂದು ಉದ್ದನೆಯದು. ಕೊನೆಗೆ, ಯಾರೋ ಕರೆದದ್ದಕ್ಕೆ ಓಗೊಟ್ಟ ಹಾಗೆ, "ಹ್ಞಾಂ" ಎಂದು ಉಸಿರು ಬಿಡುತ್ತಿದ್ದರು. ಹತ್ತು ವರ್ಷ ನಾನು ಆ ಕೆಮ್ಮಿನ ಜೊತೆ ಮಲಗಿದ್ದೇನೆ, ಎದ್ದಿದ್ದೇನೆ. ಬಚ್ಚಲಲ್ಲಿದ್ದಾರೋ ಅಟ್ಟದ ಮೇಲಿದ್ದಾರೋ ಎಂದು ಕೆಮ್ಮಿನಿಂದಲೇ ಹೇಳುತ್ತಿದ್ದೆ. ಅಂದು ನಾನು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ರೊಟ್ಟಿ ಸುತ್ತುತ್ತ ಕೂತಿದ್ದೆ.

ಅವರ ಹೆಸರನ್ನು ನಾನು ಮದುವೆಯಲ್ಲಿ ಒಡಪು ಹಾಕಿ ಹೇಳಿದ್ದು ಬಿಟ್ಟರೆ ಮತ್ತೆ ಬಾಯಿಂದ ಅಂದಿಲ್ಲ. ಇಲ್ಲಿಯೂ ಬರೆಯುವುದಿಲ್ಲ. ಅವರೂ ನನ್ನ ಹೆಸರು ಹಿಡಿದವರಲ್ಲ. ನನ್ನ ತವರು ಐನಾಪುರ. ಅದಕ್ಕೆ "ಐನಾಪುರದಾಕಿ" ಎನ್ನುತ್ತಿದ್ದರು. ಸಿಟ್ಟು ಬಂದರೂ ಅದೇ, ಖುಷಿಯಾದರೂ ಅದೇ.

ಖಣಿಯಲ್ಲಿ ಅವರದು ಬಾರು ಹಾರಿಸುವ ಕೆಲಸ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಎಲ್ಲರನ್ನೂ ದೂರ ಸರಿಸಿ ಕಿಡಿ ಕೊಡುವುದು. ಹಾರಿಸುವ ಮೊದಲು ಎಚ್ಚರಿಕೆಯ ಭೋಂಗಾ ಕೂಗುತ್ತಿತ್ತು, ಕೆಂಪು ಬಾವುಟ ಏರುತ್ತಿತ್ತು. ಅಷ್ಟು ಸಾಕು ಎಂಬುದು ಉಳಿದವರ ಲೆಕ್ಕ. ಇವರಿಗೆ ಸಾಲುತ್ತಿರಲಿಲ್ಲ. ಇವರಿಗೆ ಕೆಲಸ ಕಲಿಸಿದ ಹಿರಿಯರ ಪದ್ಧತಿಯಂತೆ ಖಣಿಯ ಅಂಚಿಗೆ ನಿಂತು, ಕೈ ಬಾಯಿಗೆ ಹಚ್ಚಿ ಮೂರು ಸಲ ಕೂಗುತ್ತಿದ್ದರು: "ಯಾರರ ಅದೀರೇನೋ...?" ಒಂದೊಂದು ಕೂಗಿನ ನಡುವೆ ಹತ್ತು ಉಸಿರು ಎಣಿಸುತ್ತಿದ್ದರು. ಮೂರನೇ ಕೂಗಿಗೂ ಉತ್ತರ ಬರದಿದ್ದರೆ ಮಾತ್ರ ಕೈ ಮುಂದೆ ಹೋಗುತ್ತಿತ್ತು.

"ಭೋಂಗಾ ಎಲ್ಲಾರಿಗೂ ಕೂಗ್ತದ. ಆದ್ರ ಯಾರನ್ನೂ ಕೇಳಂಗಿಲ್ಲ," ಎನ್ನುತ್ತಿದ್ದರು. "ಕೇಳಬೇಕು. ಕೇಳಿ, ಕಾಯಬೇಕು."

ಕೂಗುವವರು ಅವರೇ ಆದರೂ ಉತ್ತರ ಕೇಳಿಸಿಕೊಳ್ಳಲು ಅವರಿಗೆ ಕಿವಿ ಇರಲಿಲ್ಲ. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಅದಕ್ಕೆ ಪಕ್ಕದಲ್ಲಿ ಒಬ್ಬನನ್ನು ನಿಲ್ಲಿಸಿಕೊಳ್ಳುತ್ತಿದ್ದರು. ಕೂಗಿದ ಮೇಲೆ ಅವನ ಮುಖ ನೋಡಿ, "ಏನರ ಕೇಳ್ತೇನ?" ಎಂದು ಕೇಳುತ್ತಿದ್ದರು. ಮನೆಯಲ್ಲಿ ಆ ಕೆಲಸ ನನ್ನದು. ಊರಿಗೆ ಹೊರಡುವಾಗ ಬಾಗಿಲಿಗೆ ಕೀಲಿ ಹಾಕುವ ಮೊದಲು ಖಾಲಿ ಮನೆಯೊಳಗೆ ಮೂರು ಸಲ ಕೂಗುತ್ತಿದ್ದರು. ನಾನು ಹೊಸ್ತಿಲಲ್ಲಿ ನಿಂತು "ಇಲ್ರಿ, ಯಾರೂ ಇಲ್ಲ" ಎನ್ನಬೇಕು. ನನಗೆ ನಾಚಿಕೆ. ಓಣಿಯವರು ನಗುತ್ತಿದ್ದರು. ಮಗಳ ಮದುವೆ ಮುಗಿದು ಸೇಡಮ್ಮಿನ ಮಂಟಪಕ್ಕೆ ಬೀಗ ಹಾಕುವಾಗಲೂ ಬಿಡದೆ ಕೂಗಿದರು. ಎರಡನೇ ಕೂಗಿಗೆ ಕೊಪ್ಪರಿಗೆಗಳ ಹಿಂದಿನಿಂದ ಅಡುಗೆಯವನು, "ಅದೀನ್ರಿ ಯಪ್ಪಾ, ಜರಾ ನಿದ್ದಿ ಹತ್ತಿತ್ತು" ಎಂದು ಕಣ್ಣುಜ್ಜುತ್ತ ಎದ್ದು ಬಂದ. ಬೀಗರೆಲ್ಲ ನಕ್ಕು ಸಾಕಾದರು. ಇವರು ನಗಲಿಲ್ಲ. ನನ್ನ ಕಡೆ ತಿರುಗಿ ಹುಬ್ಬು ಏರಿಸಿದರು, ಅಷ್ಟೇ.

ಒಂದು ಸಂಗತಿ ಇಲ್ಲಿ ಹೇಳಬೇಕು. ಅದನ್ನು ಹೇಳದಿದ್ದರೆ ನಾನು ಮಾಡಿದ್ದು ಏನೆಂದು ತಿಳಿಯುವುದಿಲ್ಲ.

ಮಗಳು ಇನ್ನೂ ಸಾಲೆಗೆ ಹೋಗುತ್ತಿದ್ದ ಕಾಲ. ಒಂದು ಮಧ್ಯಾಹ್ನ ಮೂರನೇ ಕೂಗಿಗೆ ಖಣಿಯ ತಳದಿಂದ ಉತ್ತರ ಬಂತಂತೆ. ಮಾತಲ್ಲ, ಬರೀ ಒಂದು ಕೆಮ್ಮು. ಪಕ್ಕದವನು ಕೇಳಿಸಿಕೊಂಡ. ಇವರು ಕೈ ಹಿಂದೆ ತೆಗೆದರು. ಜನ ಇಳಿದು ಇಡೀ ತಳ ಹುಡುಕಿದರು. ಯಾರೂ ಇರಲಿಲ್ಲ. ಹಾಜರಿ ಕರೆದರು, ಎಲ್ಲರೂ ಇದ್ದರು. ಕುರಿಯವರಿಲ್ಲ, ನಾಯಿಯೂ ಇಲ್ಲ. ಮೇಲಿನವರು ಬಂದು ಬೈದರು. ಇವರು ಬೆಳಿಗ್ಗೆಯವರೆಗೂ ಹಾರಿಸಲಿಲ್ಲ. ತುಂಬಿದ ಬಾರಿಗೆ ಕಾವಲು ಕೂತರು. ಬೆಳಗಾದ ಮೇಲೆ ಮತ್ತೆ ಮೂರು ಸಲ ಕೂಗಿ, ಉತ್ತರ ಬರದಿದ್ದಾಗ ಹಾರಿಸಿದರು. ಮನೆಗೆ ಬಂದವರು ಊಟಕ್ಕೂ ಮೊದಲು ನನಗಿದನ್ನು ಹೇಳಿದರು.

"ಅಲ್ರಿ, ಕೆಳಗ ಯಾರೂ ಇದ್ದಿದ್ದಿಲ್ಲ ಅಂದ ಮ್ಯಾಲ ಕೆಮ್ಮಿದವ ಯಾರು?" ಎಂದೆ.

"ಅದು ನಮ್ಮ ಕೆಲಸ ಅಲ್ಲ. ಕೆಮ್ಮಿದ್ರೂ ಉತ್ತರಾನೇ. ಉತ್ತರ ಕೊಟ್ಟವ ಹೊರಗ ಬರೂತನಕ ಕಾಯೂದು, ಅಷ್ಟು ನಮ್ಮ ಕೆಲಸ. ಕಾಯಲಿಲ್ಲಂದ್ರ ಅವ ಅಲ್ಲೇ ಉಳೀತಾನ."

ಆಗ ಅದು ನನಗೆ ಗಂಡಸರ ಹಟ ಅನಿಸಿತ್ತು.

ಗಾಲಿಮನಿ ಹುಟ್ಟಿದ್ದು ಮೊಬೈಲಿನಿಂದ. ಕೆಲಸ ಬಿಟ್ಟ ಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಯಾವುದೋ ದೇಶದವರು ಜೀಪಿನ ಹಿಂದೆ ಸಣ್ಣ ಮನೆಯೊಂದನ್ನು ಕಟ್ಟಿಕೊಂಡು ಕಲ್ಲು, ಕೊರಕಲು, ಹೊಳೆ ದಾಟಿಸುವುದನ್ನು ದಿನವಿಡೀ ನೋಡುತ್ತಿದ್ದರು. ಮಾತು ಕೇಳಿಸದಿದ್ದರೂ ಅಡ್ಡಿಯಿರಲಿಲ್ಲ. ಗಾಲಿಗಳನ್ನೇ ನೋಡುತ್ತಿದ್ದರು. ಒಂದು ದಿನ, "ಅವರದು ಅಲ್ಯೂಮಿನಿಯಂ, ನಂದು ಕಬ್ಬಿಣ ಆಗ್ತದ. ಅಷ್ಟೇ ಫರಕು" ಎಂದು ಎದ್ದರು. ಶಹಾಬಾದಿನ ಗುಜರಿಯಿಂದ ಗಾಲಿಯ ಅಚ್ಚು ತಂದರು. ಲಾರಿಯ ಪಟ್ಟಿ ಕತ್ತರಿಸಿ ಕೂಡಿಸಿದರು. ತಗಡಿನ ಪೆಟ್ಟಿಗೆ, ಒಳಗೆ ಇಬ್ಬರು ಮಲಗುವ ಮಂಚ, ಮೇಲೆ ಎತ್ತಿ ಕಟ್ಟುವ ತಾಡಪತ್ರಿ, ಕೆಳಗೆ ನೀರಿನ ಟಾಕಿ. ಹಿಂಬದಿಯ ಖಾನೆ ಎಳೆದರೆ ಗ್ಯಾಸ್ ಒಲೆ ಹೊರಗೆ ಬರುತ್ತಿತ್ತು. ಜೀಪಿಗೆ ಕೂಡಿಸುವ ಕೊಂಡಿಯನ್ನು ಮಾತ್ರ ಐದು ಸಲ ಮಾಡಿ ಐದು ಸಲ ಮುರಿದರು. ಆರನೆಯದು ಎತ್ತ ಬೇಕಾದರೂ ತಿರುಗುತ್ತಿತ್ತು. ಹಿಂದಿನದು ಮಗುಚಿದರೂ ಮುಂದಿನದನ್ನು ಎಳೆದು ಬೀಳಿಸದು ಎಂದು ನನಗೆ ಅಂಗೈ ಮಗುಚಿ ತೋರಿಸಿದರು. "ನಾ ಬಿದ್ರ ನೀ ಬೀಳಂಗಿಲ್ಲ ನೋಡು, ಹಂಗ ಮಾಡೀನಿ."

ಎಲ್ಲಿಗೆ ಹೋಗುವುದು ಎಂಬುದು ಮೊದಲೇ ಗೊತ್ತಿತ್ತು. ಐನಾಪುರದಲ್ಲಿ ನನ್ನ ಅಣ್ಣನ ಹೊಲದ ಮೇಲ್ತುದಿಯಲ್ಲಿ, ಹಳ್ಳದ ಆಚೆ, ಕಾಡಿನ ಗಡಿಗೆ ಸ್ವಲ್ಪ ಈಚೆ, ಅಗಲವಾದೊಂದು ಹಾಸುಬಂಡೆ ಇದೆ. ಮದುವೆಯಾದ ವರ್ಷ ಅವರನ್ನು ಅಲ್ಲಿಗೆ ನಡೆಸಿಕೊಂಡು ಹೋಗಿದ್ದೆ. ಸಂಜೆಯಾಗುತ್ತಲೇ ಇಳಿದು ಬರಬೇಕಾಯಿತು, ಮರುದಿನ ಅವರ ಪಾಳಿ ಇತ್ತು. "ಒಂದಿನ ಇಲ್ಲೇ ಮಲಗೂಣು, ಬೆಳತನ" ಎಂದಿದ್ದರು. ಆ ಒಂದು ದಿನ ಬರಲೇ ಇಲ್ಲ. ಈಗ ಎದೆ ಕೆಟ್ಟಿತ್ತು. ದಾಕ್ತರು ಚಿತ್ರ ತೋರಿಸಿ, ಒಳಗೆ ಕೂತ ಧೂಳು ಕಲ್ಲಾಗಿದೆ, ಮಳೆಗಾಲ ಕಳೆಯುವಷ್ಟರಲ್ಲಿ ಹಾಸಿಗೆ ಪಕ್ಕ ಗಾಳಿಯ ಯಂತ್ರ ಬೇಕಾಗುತ್ತದೆ ಎಂದು ನನ್ನೊಬ್ಬಳಿಗೇ ಹೇಳಿದ್ದರು. ಬಂಡೆಯ ಮೇಲಿನ ಆ ರಾತ್ರಿ ಈಗಿಲ್ಲದಿದ್ದರೆ ಇನ್ನೆಂದೂ ಇಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು ಎಂದೇ ನನ್ನ ನಂಬಿಕೆ.

ಜೀಪು ಸೇಡಮ್ಮಿನ ಅಳಿಯನದು. ಕೀಲಿ ಕೊಡುವಾಗ ಅವನು ಮುಖ ಸಣ್ಣದು ಮಾಡಿದ. "ಮಾವ, ಟಾರ್ ರೋಡ್ ಬಿಟ್ಟು ಇಳೀಬ್ಯಾಡ್ರಿ."

"ಟಾರ್ ರೋಡಿಗಾದ್ರ ಬಸ್ಸ ಅದಲ್ಲೊ. ಇದನ್ಯಾಕ ಕಟ್ಟತಿದ್ದೆ?"

ರೋಹಿಣಿ ಮಳೆಯ ದಿನಗಳು. ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿ ಮುಟ್ಟುವವರೆಗೂ ಕಪ್ಪು ನೆಲ, ಹರಗಿ ಬಿಟ್ಟ ತೊಗರಿ ಹೊಲ. ಐನಾಪುರದ ಆಚೆ ಮಣ್ಣು ಕೆಂಪಾಯಿತು. ಅಣ್ಣ ದಾರಿಗೆ ಬಂದು ಕೈ ಅಡ್ಡ ಹಿಡಿದ. ಹಳೇ ಬಂಡಿದಾರಿ ಹಾಳಾಗಿ ಎಷ್ಟೋ ವರ್ಷವಾಯಿತು, ಕಾಡಿನಿಂದ ಬೀಡಿ ಎಲೆ ತರುವ ಗಾಡಿಗಳು ನಿಂತ ಮೇಲೆ ದನಗಳೂ ಆ ಕಡೆ ಹೋಗುವುದಿಲ್ಲ ಎಂದ.

"ದನಾ ಯಾಕ ಹೋಗಂಗಿಲ್ಲ?" ಎಂದರು ಇವರು.

"ಗೊತ್ತಿಲ್ಲ ಭಾವ. ಹಳ್ಳದ ದಂಡಿಗೆ ಹೋಗಿ ನಿಂದರ್ತಾವ. ಹೊಡದ್ರೂ ಇಳಿಯಂಗಿಲ್ಲ."

"ನಂದು ದನಾ ಅಲ್ಲ," ಎಂದು ಗೇರು ಹಾಕಿದರು.

ಊರು ಬಿಟ್ಟ ಮೇಲೆ ಗಾಲಿಗಳ ಗಾಳಿ ಅರ್ಧ ಬಿಟ್ಟರು. ಮೆತ್ತಗಾದ ಗಾಲಿ ಕಲ್ಲನ್ನು ಹಿಡಿಯುತ್ತದಂತೆ. ಅಲ್ಲಿಂದ ನಾನು ಜೀಪಿನಲ್ಲಿ ಕೂರಲಿಲ್ಲ. ಮುಂದೆ ಮುಂದೆ ನಡೆದೆ. ಕೂಗಿ ಹೇಳಿದರೆ ಅವರಿಗೆ ಕೇಳುವುದಿಲ್ಲ. ಅದಕ್ಕೆ ಖಣಿಯ ಕೆಂಪು ಬಾವುಟದ ಬಟ್ಟೆಯನ್ನು ಕೈಗೆ ಕೊಟ್ಟಿದ್ದರು. "ಬಾಯಿಲೆ ಹೇಳಬ್ಯಾಡ, ಕೈಲೆ ಹೇಳು." ಬಟ್ಟೆ ಎತ್ತಿದರೆ ನಿಲ್ಲುವುದು, ಇಳಿಸಿದರೆ ಬರುವುದು. ಒಂದು ಕಡೆ ಬಲಗಾಲಿ ಪೂರ್ತಿ ಮೇಲೆದ್ದು ಗಾಳಿಯಲ್ಲಿ ತಿರುಗಿತು. ಗಾಲಿಮನಿ ವಾಲಿ ಒಳಗಿನ ಸ್ಟೀಲ್ ಗ್ಲಾಸುಗಳು ಸದ್ದು ಮಾಡಿದವು. ಕೊಂಡಿ ಕಿರ್ ಎಂದು ಪೂರಾ ಅಡ್ಡ ತಿರುಗಿತು, ಜೀಪು ಮಾತ್ರ ನೆಟ್ಟಗೇ ನಿಂತಿತ್ತು. ನಾವಿಬ್ಬರೂ ಕಲ್ಲು ಹೊತ್ತು ಗಾಲಿಯ ಕೆಳಗೆ ಪೇರಿಸಿದೆವು. ಅವರು ಎರಡು ಕಲ್ಲಿಗೊಮ್ಮೆ ಕೂತು ಕೆಮ್ಮಿದರು. ನಾಲ್ಕೈದು ಹೊಲದಷ್ಟು ದಾರಿಗೆ ಅರ್ಧ ದಿನ ಹಿಡಿಯಿತು. ಆದರೂ ಅವರ ಮುಖ ನೋಡಬೇಕಿತ್ತು. ಮದುವೆಯ ಚಪ್ಪರದಲ್ಲಿಯೂ ನಾನು ಆ ಮುಖ ಕಂಡಿರಲಿಲ್ಲ.

ಹಳ್ಳ ಬಂದಾಗ ಹೊತ್ತು ಇನ್ನೂ ಮೇಲಿತ್ತು. ಆದರೆ ಆಚೆ ಗುಡ್ಡದ ಹಿಂದೆ ಮೋಡ ಕಪ್ಪಾಗಿ ಕೂತಿತ್ತು. ಹಳ್ಳದಲ್ಲಿ ಮೊಣಕಾಲು ನೀರು, ತಳದಲ್ಲಿ ಕೆಂಪು ಕಲ್ಲುಗುಂಡುಗಳು. ಮೋಡ ಒಡೆದರೆ ಗಂಟೆಯೊಳಗೆ ಆಳೆತ್ತರ ನೀರು ಬರುವ ಹಳ್ಳ ಅದು. ನಾನು ಅದೇ ನೀರು ಕುಡಿದು ಬೆಳೆದವಳು. ಆಚೆ ದಂಡೆ ಹತ್ತಿದರೆ ಬಂಡೆ ಕಾಣುತ್ತದೆ.

ಅವರು ಇಳಿದು, ಕೋಲಿನಿಂದ ನೀರು ತಡವಿ, ದಾರಿ ನೋಡಿಕೊಂಡು ಮೇಲೆ ಬಂದರು. ಜೀಪಿನ ಮುಂದೆ ನಿಂತು ಕೈ ಬಾಯಿಗೆ ಹಚ್ಚಿದರು. ನಾನು ಗಾಲಿಮನಿಯ ಬಾಗಿಲ ಹತ್ತಿರ ನಿಂತಿದ್ದೆ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಹಾಕಿದ್ದು ನಾನೇ.

"ಯಾರರ ಅದೀರೇನೋ...?"

ಮೊದಲ ಕೂಗಿಗೆ ಆಚೆ ದಂಡೆಯಲ್ಲಿ ಒಂದು ಹಕ್ಕಿ ಎದ್ದು ಹೋಯಿತು. ಎರಡನೇ ಕೂಗಿನ ನಂತರ ಸದ್ದೇ ಇರಲಿಲ್ಲ. ಹಳ್ಳದ ನೀರು ಹರಿಯುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಇವರ ಕಿವಿಯೇ ನನಗೆ ಬಂದಂತಾಯಿತು. ಅವರು ಉಸಿರು ಎಣಿಸುತ್ತ ನಿಂತರು. ಮೂರನೇ ಸಲ ಕೂಗಿ ನನ್ನ ಕಡೆ ತಿರುಗಿದರು.

ಆಗ ಗಾಲಿಮನಿಯ ಒಳಗೆ ಯಾರೋ ಕೆಮ್ಮಿದರು.

ಎರಡು ಸಣ್ಣವು. ಒಂದು ಉದ್ದನೆಯದು. ಕೊನೆಗೆ, "ಹ್ಞಾಂ."

ನನ್ನ ಭುಜಕ್ಕೆ ತಗಡು ತಾಗಿತ್ತು. ಕೆಮ್ಮಿಗೆ ತಗಡು ನಡುಗಿದ್ದು ಭುಜಕ್ಕೆ ತಿಳಿಯಿತು. ಇವರು ನನ್ನೆದುರಿಗೆ, ಎಂಟು ಹೆಜ್ಜೆ ದೂರದಲ್ಲಿ, ಬಾಯಿ ಮುಚ್ಚಿಕೊಂಡು ನಿಂತಿದ್ದರು. ಒಂದು ಕೈ ಬಲಗಿವಿಯ ಹಿಂದಿತ್ತು.

"ಏನರ ಕೇಳ್ತೇನ?"

ನಾನು ಆಗ ಯೋಚನೆ ಮಾಡಿದ್ದನ್ನು ಸುಳ್ಳಿಲ್ಲದೆ ಬರೆಯಬೇಕು. ಹೂಂ ಎಂದರೆ ಅವರು ಕಾಯುತ್ತಾರೆ. ಖಣಿಯಲ್ಲಿ ಬೆಳಗಿನವರೆಗೂ ಕಾದವರು, ಇಲ್ಲಿಯೂ ಕಾಯುತ್ತಾರೆ. ಮೋಡ ಒಡೆಯುತ್ತದೆ, ಹಳ್ಳ ಬರುತ್ತದೆ, ತಿರುಗಿ ಊರಿಗೆ ಹೋಗುತ್ತೇವೆ. ಆಮೇಲೆ ಹಾಸಿಗೆ, ಗಾಳಿಯ ಯಂತ್ರ. ಬಂಡೆ ಅಲ್ಲಿಯೇ ಉಳಿಯುತ್ತದೆ. ಇದನ್ನು ಯೋಚಿಸಿದೆ. ಹೆದರಿಕೆ ಆಮೇಲೆ ಬಂತು.

"ಇಲ್ಲ," ಎಂದೆ.

"ಖರೇನ?"

"ಖರೇ ರೀ. ಏನೂ ಇಲ್ಲ. ಮೋಡ ಬರಾಕತ್ತದ, ನಡೀರಿ ಲಗೂನ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಕಿವಿ ಹೋದವರು ಮುಖ ಓದುವುದನ್ನು ಕಲಿತಿರುತ್ತಾರೆ. ಆಮೇಲೆ ಜೀಪು ಹತ್ತುತ್ತ, "ಕಾಯೂದು ಭಾಳ ಆಯ್ತು ನನ್ನ ಜಲ್ಮದಾಗ" ಎಂದರು. ನನಗೆ ಹೇಳಿದರೋ ತಮ್ಮಷ್ಟಕ್ಕೆ ಅಂದರೋ ಗೊತ್ತಿಲ್ಲ.

ನಾನು ನೀರಿಗೆ ಇಳಿದು ಕೆಂಪು ಬಟ್ಟೆ ಇಳಿಸಿದೆ. ಜೀಪು ಬಂತು, ಹಿಂದೆ ಗಾಲಿಮನಿ ಬಂತು. ಅಷ್ಟು ಸಲೀಸಾಗಿ ಆ ದಿನ ಎಲ್ಲಿಯೂ ಬಂದಿರಲಿಲ್ಲ. ಒಂದು ಕಲ್ಲೂ ಜಾರಲಿಲ್ಲ, ಗ್ಲಾಸುಗಳೂ ಸದ್ದು ಮಾಡಲಿಲ್ಲ. ಭಾರವನ್ನು ಯಾರೋ ಇಳಿಸಿಕೊಂಡ ಹಾಗೆ ಬಂತು. ಆಚೆ ದಂಡೆ ಹತ್ತಿದ ಮೇಲೆ ನಾನು ಚಿಲಕ ತೆಗೆದು ನೋಡಿದೆ. ಯಾರೂ ಇರಲಿಲ್ಲ. ಹಾಸಿಗೆ ನಾನು ಹಾಸಿದ ಹಾಗೇ ಇತ್ತು. ಕೆಂಪು ಮಣ್ಣಿನ ಆ ಸೀಮೆಯಲ್ಲಿ ಒಳಗೆಲ್ಲ ಸುಣ್ಣದಕಲ್ಲಿನ ಧೂಳಿನ ವಾಸನೆ ಇತ್ತು. ಖಣಿಯಿಂದ ಬಂದ ದಿನಗಳಲ್ಲಿ ಅವರ ಅಂಗಿಗೆ ಇರುತ್ತಿದ್ದ ವಾಸನೆ.

ಬಂಡೆಯ ಮೇಲೆ ಮೋಡ ಒಡೆಯಲಿಲ್ಲ, ಗುಡ್ಡದ ಆಚೆಯೇ ಸುರಿಯಿತು. ತಾಡಪತ್ರಿ ಎತ್ತಿ ಕಟ್ಟಿದರು. ಖಾನೆ ಎಳೆದು ಚಹಾ ಮಾಡಿದೆ. ಸಂಜೆ ಬೆಳಕಿನಲ್ಲಿ ಅವರು ಅಂಗಿ ಬಿಚ್ಚಿ ಕೂತರು, ನಾನು ಚೊಂಬಿನಿಂದ ಬೆನ್ನಿಗೆ ನೀರು ಹಾಕಿದೆ. ಕುತ್ತಿಗೆ ತಿಕ್ಕಲು ಕೈ ಹಾಕಿದವಳು ಹಾಗೇ ನಿಂತೆ. ಮೂರು ಗೆರೆಗಳಿದ್ದವು. ಒಳಗೆ ಧೂಳಿರಲಿಲ್ಲ. ಎಳೆಗೂಸಿನ ಕುತ್ತಿಗೆಯ ಹಾಗೆ ಸ್ವಚ್ಛವಿತ್ತು.

"ಯಾಕ ನಿಂತಿ?"

"ಏನಿಲ್ರಿ. ನೀರು ಕಣ್ಣಾಗ ಸಿಡೀತು."

ಅವರು ತುಂಬ ಮಾತಾಡಿದರು ಆ ಸಂಜೆ. ನನ್ನ ತಾಯಿ ಮಾಡುತ್ತಿದ್ದ ಪುಂಡಿಪಲ್ಯೆ ನೆನೆದರು. ಮಗಳು ಹುಟ್ಟಿದಾಗ ಶಹಾಬಾದಿನಿಂದ ಕಾಲುನಡಿಗೆಯಲ್ಲಿ ಬಂದದ್ದು ಹೇಳಿದರು. ಮಲಗಿದ ಮೇಲೆ ನಾನು ಕೆಮ್ಮಿಗೆ ಕಾದೆ. ಬರಲಿಲ್ಲ. ಉಸಿರು ಮಾತ್ರ ನೆಟ್ಟಗೆ, ಮೆಲ್ಲಗೆ ಬಂದು ಹೋಗುತ್ತಿತ್ತು. ನಮ್ಮ ಮದುವೆಯ ವರ್ಷದ ಉಸಿರು. ಬೆಳಿಗ್ಗೆ ಎದ್ದು ಗುಡ್ಡ ನೋಡುತ್ತ ಕೂತವರು, "ಐನಾಪುರದಾಕಿ, ಎದಿ ಹಗೂರ ಆಗೇದ ನೋಡು" ಎಂದರು. ನಾನು ಹೂಂ ಎಂದೆ. ಕಿವಿಯೆಲ್ಲ ಕೆಳಗಿನ ಹಳ್ಳದ ಕಡೆ ಇತ್ತು.

ಅದೇ ದಾರಿಯಲ್ಲಿ ಹಿಂದಿರುಗಿದ್ದರೆ ಏನಾಗುತ್ತಿತ್ತೋ. ಹಳ್ಳ ತುಂಬಿ ಬಂದಿತ್ತು. ಗುಡ್ಡದ ಮೇಲಿನಿಂದ ಚಿಮ್ಮನಚೋಡದ ಕಡೆಗೆ ಇಳಿದು, ಕೊಡ್ಲಿಯ ಮೇಲೆ ಹಾದು, ಶಹಾಬಾದ್ ಸುತ್ತಿ ಮನೆ ಸೇರಿದೆವು. ಆ ದಂಡೆಗೆ ನಾವಿಬ್ಬರೂ ಕೂಡಿ ಮತ್ತೆ ಹೋಗಲಿಲ್ಲ.

ಮೂರು ವಾರ ಅವರು ಕೆಮ್ಮಲಿಲ್ಲ. ದಾಕ್ತರು ಎದೆಗೆ ಯಂತ್ರ ಹಚ್ಚಿ ಕೇಳಿ, ಮತ್ತೊಮ್ಮೆ ಹಚ್ಚಿ ಕೇಳಿದರು. ಆಪಾ ಖುಷಿಯಾದಳು.

"ಕಾಡಿನ ಹವಾ ಹತ್ಯಾದ ನೋಡ್ರಿ ಮೇಸ್ತ್ರಿಗೆ! ಇಷ್ಟು ದಿನಾ ಇವರ ಕೆಮ್ಮಿನಾಗೇ ನಾ ಫಜರ್ ನಮಾಜಿಗೆ ಏಳ್ತಿದ್ದೆ. ಈಗ ನಂಗೇ ಎಚ್ಚರ ಆಗವಲ್ದು."

ಓಣಿಯೆಲ್ಲ ನಕ್ಕಿತು. ಅವರೂ ನಕ್ಕರು, ನಗುವಿನ ಕೊನೆಗೆ ಕೆಮ್ಮಿಲ್ಲದೆ. ಆ ನಗು ಅರ್ಧಕ್ಕೇ ನಿಂತ ಹಾಗೆ ನನಗೆ ಅನಿಸುತ್ತಿತ್ತು. ಮನೆಯಲ್ಲಿ ಅವರು ಎಲ್ಲಿದ್ದಾರೆಂದು ನನಗೆ ತಿಳಿಯುತ್ತಿರಲಿಲ್ಲ. ಒಲೆಯ ಮುಂದಿನಿಂದ ಎದ್ದು ಎದ್ದು ನೋಡಿ ಬರುತ್ತಿದ್ದೆ. ಒಂದೆರಡು ಸಲ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಹೇಳಿದರೆ ಅವರು ಕೀಲಿ ತೆಗೆದುಕೊಂಡು ಅಲ್ಲಿಗೆ ಹೊರಡುತ್ತಾರೆ, ಆ ದಂಡೆಯಲ್ಲಿ ಕೂತು ಕಾಯುತ್ತಾರೆ ಎಂದು ಗೊತ್ತಿತ್ತು. ಕರೆದುಕೊಂಡು ಹೋಗಬೇಕಿತ್ತು. ತೆರೆದ ಬಾಯಿಯಿಂದ ಚಹಾ ಬೇಕೇ ಎಂದು ಕೇಳಿ ಒಲೆಯ ಕಡೆ ಹೋದೆ. ಎದೆ ಹಗುರಾದ ಗಂಡನನ್ನು ಕೆಮ್ಮು ತರಲು ಯಾವ ಹೆಂಡತಿ ಕಳಿಸುತ್ತಾಳೆ?

ಒಂದು ಮಧ್ಯಾಹ್ನ ಊಟ ಮಾಡಿ, ಬೇವಿನ ಕೆಳಗೆ ಗಾಲಿಮನಿಯಲ್ಲಿ ಹೋಗಿ ಮಲಗಿದರು. ನಾಲ್ಕಕ್ಕೆ ಚಹಾ ಹಿಡಿದು ಹೋದೆ. ಬಾಗಿಲು ತೆರೆದೇ ಇತ್ತು. "ರೀ" ಎಂದು ಕರೆದೆ. ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ತಗಡು ಬಡಿದು ಮತ್ತೆ ಕರೆದೆ. ಮೂರನೇ ಸಲ ಕರೆಯುವ ಹೊತ್ತಿಗೆ ನನಗೆ ತಿಳಿದಿತ್ತು. ಆದರೂ ಕರೆದೆ. ಆಮೇಲೆ ನಿಂತುಕೊಂಡೇ ಹತ್ತು ಉಸಿರು ಎಣಿಸಿದೆ.

ವಿಭೂತಿ ಹಚ್ಚಿ, ಕೂರಿಸಿ, ಮಣ್ಣು ಮಾಡಲು ಕರೆದುಕೊಂಡು ಹೋದರು. ನೆರೆದವರೆಲ್ಲ, "ಒಂದು ಸದ್ದಿಲ್ಲದೆ ಹೋದರು, ಪುಣ್ಯವಂತರು" ಎಂದರು. ನಾನು ದೂರ ಹೆಂಗಸರ ಜೊತೆ ನಿಂತಿದ್ದೆ. ಮೊದಲ ಹಿಡಿ ಮಣ್ಣು ಹಾಕುವ ಮೊದಲು ಯಾರಾದರೂ ಮೂರು ಸಲ ಕೂಗಬೇಕಿತ್ತು. ಯಾರಿಗೂ ನೆನಪಾಗಲಿಲ್ಲ. ನನಗೆ ನೆನಪಿತ್ತು, ಕೂಗಲಿಲ್ಲ.

ತಿಂಗಳಾದ ಮೇಲೆ ಅಳಿಯನಿಗೆ ಎಲ್ಲ ಹೇಳಿದೆ. ಅವನು ವಾದ ಮಾಡುವ ಹುಡುಗ. ಅಂದು ಮಾಡಲಿಲ್ಲ. "ನಡೀರಿ ಅತ್ತಿ" ಎಂದು ಗಾಡಿ ತೆಗೆದ. ಐನಾಪುರದಲ್ಲಿ ಜೀಪು ಬಿಟ್ಟು ನಡೆದು ಹೋದೆವು. ನಾವು ಪೇರಿಸಿದ ಕಲ್ಲುಗಳು ಹಾಗೇ ಇದ್ದವು. ಮೆತ್ತನೆ ಗಾಲಿಯ ಗುರುತು ದಂಡೆಯ ಅಂಚಿನ ಮಣ್ಣಿನಲ್ಲಿ ಒಣಗಿ ಗಟ್ಟಿಯಾಗಿತ್ತು. ಅಷ್ಟು ಮಳೆಯಾದರೂ ಅಳಿಸಿರಲಿಲ್ಲ.

ಅವರು ನಿಂತಿದ್ದ ಜಾಗದಲ್ಲಿ ನಿಂತೆ. ಕೈ ಬಾಯಿಗೆ ಹಚ್ಚಿದೆ. ಹೆಂಗಸಿನ ಗಂಟಲು, ಅವರಷ್ಟು ದೂರ ಹೋಗಲಿಲ್ಲ.

"ಯಾರರ ಅದೀರೇನೋ...?"

ಮೂರು ಸಲ ಕೂಗಿದೆ. ಮೂರನೆಯದಾದ ಮೇಲೆ ಅಭ್ಯಾಸದಿಂದ ಪಕ್ಕಕ್ಕೆ ತಿರುಗಿ ಅಳಿಯನ ಮುಖ ನೋಡಿದೆ. ಅವನು, "ಇಲ್ಲ ಅತ್ತಿ, ಏನೂ ಇಲ್ಲ" ಎಂದ. ಅವನು ಖರೇ ಹೇಳಿದನೋ, ನಾನು ಹೇಳಿದಂಥದ್ದನ್ನು ಹೇಳಿದನೋ ಎಂದು ತುಂಬ ಹೊತ್ತು ಅವನ ಮುಖವನ್ನೇ ನೋಡಿದೆ. ಹೊತ್ತು ಮುಳುಗುವವರೆಗೂ ಕಾದೆವು. ದನದ ಹಿಂಡೊಂದು ಬಂದು ದಂಡೆಯ ಮೇಲೆ ನಿಂತು, ಇಳಿಯದೆ ತಿರುಗಿ ಹೋಯಿತು.

ಗಾಲಿಮನಿ ಈಗಲೂ ಬೇವಿನ ಕೆಳಗಿದೆ. ಕೊಳ್ಳುತ್ತೇವೆಂದು ಇಬ್ಬರು ಬಂದು ಕೇಳಿ ಹೋದರು, ನಾನು ಕೊಡಲಿಲ್ಲ. ದಿನಾ ಸಂಜೆ ಒಳಗೆ ಕಸ ಹೊಡೆಯುತ್ತೇನೆ. ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಅವರ ಕೆಮ್ಮು ಇನ್ನೂ ಮನೆಗೆ ಬಂದಿಲ್ಲ.